ಪ್ರಬಂಧದಲ್ಲಿ ‘ರೈತ… ಅವನು’ ಎಂದು ಬರೆದರೆ ಅಂಕ ಕಳೆಯಬೇಕೇ?

ಕೆಂಪು ಶಾಯಿ

ಪದವಿ ಕಾಲೇಜೊಂದರಲ್ಲಿ ಕನ್ನಡ ಪಾಠ ಮಾಡಲು ಶುರುಮಾಡಿ 11 ವರ್ಷವಾಯಿತು. ಈ ಸೆಮಿಸ್ಟರಿನ ಆಂತರಿಕ ಮೌಲ್ಯಮಾಪನಕ್ಕೆ ನಮ್ಮ ವಿಭಾಗದಲ್ಲಿ ಹೊಸ ಅಂಕಪಟ್ಟಿ ಮಾಡಿಕೊಂಡಿದ್ದೇವೆ. ಪ್ರಬಂಧಕ್ಕೆ 10 ಅಂಕ. ವಿಷಯಕ್ಕೆ 4, ಭಾಷೆ ಮತ್ತು ಶೈಲಿಗೆ 3, ಕಾಗುಣಿತಕ್ಕೆ 1, ‘ಲಿಂಗಸೂಕ್ಷ್ಮ ಭಾಷೆ’ಗೆ 2. ಈ ಕೊನೆಯದನ್ನು ಸಭೆಯಲ್ಲಿ ಬಹುಮತದಿಂದ ಸೇರಿಸಿದೆವು. ನಾನೂ ಕೈ ಎತ್ತಿದ್ದೆ, ಸುಳ್ಳು ಹೇಳುವುದಿಲ್ಲ.

ಈಗ ಮೇಜಿನ ಮೇಲೆ ಎರಡು ಪ್ರಬಂಧಗಳಿವೆ. ಎರಡಕ್ಕೂ ವಿಷಯ ರೈತ. ಮೊದಲನೆಯದರಲ್ಲಿ ಹೀಗೊಂದು ಸಾಲು: “ಮಳೆ ಬಾರದ ಜೂನ್‌ನಲ್ಲಿ ರೈತ ಆಕಾಶ ನೋಡುವುದಿಲ್ಲ, ಪಕ್ಕದ ಹೊಲದವನ ಮುಖ ನೋಡುತ್ತಾನೆ.” ಓದಿ ಪೆನ್ನು ಕೆಳಗಿಟ್ಟೆ. ಎರಡನೆಯದರಲ್ಲಿ: “ರೈತ/ರೈತ ಮಹಿಳೆಯು ತನ್ನ ಹೊಲದಲ್ಲಿ ದುಡಿಯುತ್ತಾನೆ/ಳೆ. ಅವನು/ಅವಳು ದೇಶದ ಬೆನ್ನೆಲುಬು ಆಗಿದ್ದಾನೆ/ಳೆ.” ನಾಲ್ಕು ಪುಟವೂ ಹೀಗೆಯೇ, ಓರೆಗೆರೆಗಳ ಬೇಲಿ.

ಪಟ್ಟಿಯ ಪ್ರಕಾರ ಮೊದಲನೆಯದಕ್ಕೆ 7, ಎರಡನೆಯದಕ್ಕೂ 7 ಬರುತ್ತದೆ. ಮೊದಲನೆಯದನ್ನು ಬರೆದದ್ದು ಒಬ್ಬ ವಿದ್ಯಾರ್ಥಿನಿ. ಲಿಂಗಸೂಕ್ಷ್ಮ ಭಾಷೆ ಬರವಣಿಗೆಯ ಗುಣದ ಭಾಗವೋ, ಅಥವಾ ಹೊರಗಿನಿಂದ ತಂದು ಅಂಟಿಸಿದ ಚೀಟಿಯೋ? ಮೌಲ್ಯಮಾಪನ ಮಾಡುವವರು, ಮಾಡಿಸಿಕೊಂಡವರು ಇಬ್ಬರೂ ಹೇಳಿ. ಶುಕ್ರವಾರದೊಳಗೆ ಅಂಕ ಕೊಡಬೇಕು.

ಹಳೆಯ ಬೆಂಚು

ಎರಡನೆಯದಕ್ಕೆ 7 ಹೇಗೆ ಬರುತ್ತದೆ ಸ್ವಾಮಿ? ಶೈಲಿಗೆ ಸೊನ್ನೆ ಹಾಕಿ ಮುಗಿಸಿ.

ಕೆಂಪು ಶಾಯಿ

ಅವನು ಅಂಕಿಅಂಶ ಚೆನ್ನಾಗಿ ಕೊಟ್ಟಿದ್ದಾನೆ, ಕಾಗುಣಿತ ತಪ್ಪಿಲ್ಲ. ವಿಷಯಕ್ಕೆ ಪೂರ್ತಿ 4. ಸೂಕ್ಷ್ಮತೆಗೆ ಪೂರ್ತಿ 2. ಶೈಲಿಗೆ ಸೊನ್ನೆಯನ್ನೇ ಕೊಟ್ಟಿದ್ದೇನೆ, ಆದರೂ 7!

ನಿವೃತ್ತ ಮೇಷ್ಟ್ರು, ಹಾಸನ

33 ವರ್ಷ ಉತ್ತರಪತ್ರಿಕೆ ತಿದ್ದಿದ್ದೇನೆ. ಬೇಸಿಗೆಯಲ್ಲಿ ಮೌಲ್ಯಮಾಪನ ಕೇಂದ್ರದ ತಗಡಿನ ಸೂರಿನಡಿ ಕುಳಿತು ದಿನಕ್ಕೆ ಎಷ್ಟು ಕಟ್ಟು ಬಿಚ್ಚಿದ್ದೇನೋ ಲೆಕ್ಕವಿಲ್ಲ. ಮಹಿಳೆಯ ಬಗ್ಗೆ ಯಾವ ಪ್ರಬಂಧ ಕೊಟ್ಟರೂ ಮೊದಲ ಸಾಲು “ಯತ್ರ ನಾರ್ಯಸ್ತು ಪೂಜ್ಯಂತೇ”, ನಡುವೆ “ಹೆಣ್ಣೊಂದು ಕಲಿತರೆ ಶಾಲೆಯೊಂದು ತೆರೆದಂತೆ”, ಕೊನೆಗೆ ದಾಸಿಮಯ್ಯನ ವಚನ, ಅದೂ ಅಂಕಿತ ತಪ್ಪಾಗಿ. ಗೈಡಿನಿಂದ ಗಿಳಿಪಾಠ. ಈಗ ನೀವು ಅದಕ್ಕೆ ಇನ್ನೊಂದು ಗಿಳಿಪಾಠ ಸೇರಿಸುತ್ತಿದ್ದೀರಿ. ಮುಂದಿನ ವರ್ಷದ ಗೈಡಿನಲ್ಲಿ ‘ಅವನು/ಅವಳು’ ಅಚ್ಚಾಗಿಯೇ ಬರುತ್ತದೆ, ನೋಡುತ್ತಿರಿ.

‘ಮಾನವ’ ಎಂದರೆ ಎಲ್ಲರೂ ಸೇರಿದರು. ‘ರೈತ’ ಎಂದರೂ ಅಷ್ಟೇ. ಇಲ್ಲದ ಗಾಯಕ್ಕೆ ಪಟ್ಟಿ ಕಟ್ಟಬೇಡಿ.

ಬಿ.ಕಾಂ. ನಾಲ್ಕನೇ ಸೆಮಿಸ್ಟರ್

ಮಾಡಿಸಿಕೊಂಡವರ ಕಡೆಯಿಂದ ಒಂದು ಮಾತು. ಕಳೆದ ಸೆಮಿಸ್ಟರಿನಲ್ಲಿ ಒಬ್ಬ ಮೇಡಂ ‘ಮನುಷ್ಯನು’ ಎಂಬುದಕ್ಕೆ ಸುತ್ತು ಹಾಕಿ ಅಂಕ ಕಳೆದರು. ಈ ಸೆಮಿಸ್ಟರಿನಲ್ಲಿ ನಾನು ಜಾಣನಾಗಿ ‘ಮನುಷ್ಯರು’ ಎಂದು ಬರೆದರೆ ಇನ್ನೊಬ್ಬ ಸರ್ “ಕರ್ತೃ ಏಕವಚನದಲ್ಲಿರಲಿ” ಎಂದು ಬದಿಯಲ್ಲಿ ಬರೆದು ಅಂಕ ಕಳೆದರು. ಪ್ರಬಂಧ ಬರೆಯುವ ಮುಂಚೆ ಯಾರು ತಿದ್ದುತ್ತಾರೆ ಎಂದು ಸೀನಿಯರ್‌ಗಳನ್ನು ಕೇಳಿ ತಿಳಿದುಕೊಳ್ಳುತ್ತೇವೆ. ಅದೇ ನಮ್ಮ ವ್ಯಾಕರಣ.

ನುಡಿಗಿರುಕ

ಓರೆಗೆರೆಯ ಹಾವಳಿ ಇಂಗ್ಲಿಷಿನ ಅರ್ಜಿ ನಮೂನೆಗಳಿಂದ ಬಂದದ್ದು. ಕನ್ನಡಕ್ಕೆ ಅದು ಬೇಕಾಗಿಯೇ ಇಲ್ಲ. ನಾನು, ನೀನು, ನಾವು, ನೀವು ಎಂದಾಗ ಗಂಡಿಗೂ ಹೆಣ್ಣಿಗೂ ಕ್ರಿಯಾಪದ ಒಂದೇ. ಹಿಂದಿಯಲ್ಲಿ ‘ನಾನು ಹೋಗುತ್ತೇನೆ’ ಎನ್ನಲು ಹೊರಟರೂ ಗಂಡೋ ಹೆಣ್ಣೋ ಹೇಳಲೇಬೇಕು, ನಮಗೆ ಆ ಗೋಜಿಲ್ಲ. ‘ತಾನು, ತನ್ನ, ತಮ್ಮ’ ಇವುಗಳಿಗೆ ಲಿಂಗವಿಲ್ಲ. ‘ಬರಬೇಕು, ಬರಬಹುದು’ ಇವಕ್ಕೂ ಇಲ್ಲ. ‘ಯಾರು ಬಂದರು?’ ಎಂದೇ ಕೇಳುತ್ತೇವೆ. ‘ಯಾವನು ಬಂದ, ಯಾವಳು ಬಂದಳು’ ಎಂದರೆ ಜಗಳಕ್ಕೆ ನಿಂತಂತೆ. ‘ಪ್ರತಿಯೊಬ್ಬರೂ ತಮ್ಮ ಪುಸ್ತಕ ತರಬೇಕು’ ಎಂಬ ವಾಕ್ಯವನ್ನು ಯಾವ ಮೇಷ್ಟ್ರೂ ತರಬೇತಿ ಪಡೆದು ಹೇಳುವುದಿಲ್ಲ.

ಇನ್ನೂ ಚೆಂದದ್ದೊಂದು ಇದೆ. ‘ಬಂದನು, ಬಂದಳು’ ಬೇರೆ ಬೇರೆ. ‘ಬರಲಿಲ್ಲ’ ಮಾತ್ರ ಎಲ್ಲರಿಗೂ ಒಂದೇ. ಕನ್ನಡದಲ್ಲಿ ಬಂದವರಿಗೆ ಲಿಂಗಭೇದ, ಬಾರದವರಿಗೆ ಸಮಾನತೆ.

ಹಳಗನ್ನಡದ ಕಡೆಯವಳು

ಕೊನೆಯ ಮಾತು ಹೊಸಗನ್ನಡಕ್ಕೆ ಮಾತ್ರ ಸರಿ. ‘ಬಾರನು, ಬಾರಳು, ಬಾರದು’ ಎಂಬ ನಿಷೇಧ ರೂಪಗಳಲ್ಲಿ ಲಿಂಗ ಇದೆ. ಹಾಗೆಯೇ ಲಿಂಗ ಮೂರೇ ಎಂದು ಎಲ್ಲರೂ ತಿಳಿದಿದ್ದೇವೆ. 13ನೆಯ ಶತಮಾನದ ಕೇಶಿರಾಜ ತನ್ನ ವ್ಯಾಕರಣ ಗ್ರಂಥ ‘ಶಬ್ದಮಣಿದರ್ಪಣ’ದಲ್ಲಿ ಒಂಬತ್ತು ಎಣಿಸಿದ್ದಾನೆ. ಗಂಡಿಗೂ ಹೆಣ್ಣಿಗೂ ಸಲ್ಲುವ ಪುಂಸ್ತ್ರೀಲಿಂಗಕ್ಕೂ ಅದರಲ್ಲಿ ಜಾಗವಿದೆ. ನಮ್ಮ ಪಠ್ಯಪುಸ್ತಕಗಳು ಮೂರಕ್ಕೆ ಇಳಿಸಿ ಕೈ ತೊಳೆದುಕೊಂಡವು.

ನುಡಿಗಿರುಕ

ತಪ್ಪಾಯಿತು ಅಕ್ಕ. ‘ಬಾರನು’ ಮರೆತಿದ್ದೆ.

ಗಡಿನಾಡಿಗ

ತೆಲುಗಿನಲ್ಲಿ ಏಕವಚನದಲ್ಲಿ ಹೆಂಗಸಿಗೂ ಬಸ್ಸಿಗೂ ಒಂದೇ ಕ್ರಿಯಾಪದ, ‘ವಚ್ಚಿಂದಿ’. ಮಲಯಾಳದ ಕ್ರಿಯಾಪದಕ್ಕೆ ಲಿಂಗವೇ ಇಲ್ಲ. ಕ್ರಿಯಾಪದ ಸಮಾನವಾಗಿದ್ದ ಮಾತ್ರಕ್ಕೆ ಕೇರಳದ ಹೆಂಗಸರ ಕಷ್ಟವೇನೂ ಕರಗಿಲ್ಲ. ವ್ಯಾಕರಣದಿಂದ ಅಷ್ಟೆಲ್ಲ ನಿರೀಕ್ಷೆ ಬೇಡ.

ನಿವೃತ್ತ ಮೇಷ್ಟ್ರು, ಹಾಸನ

ಅದನ್ನೇ ನಾನೂ ಹೇಳಿದ್ದು.

ಡೆಸ್ಕಿನ ರಾತ್ರಿಪಾಳಿ

ಪತ್ರಿಕೆಯೊಂದರ ಸುದ್ದಿಮನೆಯಲ್ಲಿ ಇದ್ದೇನೆ. ಮೇಷ್ಟ್ರೇ, ನೀವೂ ಗಡಿನಾಡಿಗರೂ ಒಂದು ಸಂಗತಿ ಬಿಟ್ಟಿರಿ. ಕನ್ನಡದಲ್ಲಿ ಲಿಂಗ ಕಾಣುವುದು ಏಕವಚನದಲ್ಲಿ ಮಾತ್ರ. ಏಕವಚನ ಯಾರಿಗೆ? ನಾವು ಮರ್ಯಾದೆ ಕೊಡದವರಿಗೆ. (ಮನೆಯವರು, ಗೆಳೆಯರು, ದೇವರು ಬೇರೆ ಲೆಕ್ಕ.) ಸಚಿವೆ ‘ಹೇಳಿದರು’. ಅದೇ ಪುಟದ ಕೆಳಗೆ ಪೌರಕಾರ್ಮಿಕ ಮಹಿಳೆ ‘ಹೇಳಿದಳು’. ವೈದ್ಯರು ‘ಬಂದರು’, ಕೆಲಸದವಳು ‘ಬಂದಳು’. ನಾನು ಕೆಲಸಕ್ಕೆ ಸೇರಿದ ಮೊದಲ ತಿಂಗಳು ತರಕಾರಿ ಮಾರುವ ಒಬ್ಬರ ಬಗ್ಗೆ ನುಡಿಚಿತ್ರ ಬರೆದಿದ್ದೆ. ಉದ್ದಕ್ಕೂ ‘ಎನ್ನುತ್ತಾಳೆ, ಮಾರುತ್ತಾಳೆ’. ಹಿರಿಯ ಉಪಸಂಪಾದಕರೊಬ್ಬರು ಒಂದು ಮಾತೂ ಆಡದೆ ಒಂದೊಂದು ‘ಳೆ’ಯನ್ನೂ ಹೊಡೆದು ‘ರೆ’ ಮಾಡಿದರು. ಹದಿನೇಳು ಕಡೆ. ಪ್ರಿಂಟ್ ಹಾಳೆ ಇನ್ನೂ ಇಟ್ಟುಕೊಂಡಿದ್ದೇನೆ.

ಹಾಗಾಗಿ ಪ್ರಬಂಧದ ‘ರೈತ… ಅವನು’ ಎಂಬುದರಲ್ಲಿ ಹೆಂಗಸು ಕಾಣೆಯಾಗಿರುವುದು ಒಂದು ತಕರಾರು. ಬೆನ್ನೆಲುಬು ಎಂದು ಹೊಗಳುತ್ತಲೇ ಏಕವಚನದಲ್ಲಿ ಕರೆಯುವುದು ಇನ್ನೊಂದು. ಅದೇ ವಿದ್ಯಾರ್ಥಿಗೆ ವಿಜ್ಞಾನಿಯ ಬಗ್ಗೆ ಪ್ರಬಂಧ ಕೊಡಿ, ‘ಅವರು’ ತಾನಾಗಿ ಬರುತ್ತದೆ.

ಬಿ.ಕಾಂ. ನಾಲ್ಕನೇ ಸೆಮಿಸ್ಟರ್

ಇದನ್ನು ತರಗತಿಯಲ್ಲಿ ಯಾರೂ ಹೇಳಿರಲಿಲ್ಲ. ‘ಲಿಂಗಸೂಕ್ಷ್ಮ’ ಎಂದು ಬೋರ್ಡಿನ ಮೇಲೆ ಬರೆದು ಅಡಿಗೆರೆ ಎಳೆದರು, ಅಷ್ಟೇ.

ಹಳೆಯ ಬೆಂಚು

ಎಲ್ಲರಿಗೂ ‘ಅವರು’ ಎಂದರೆ ಕಳ್ಳನಿಗೂ ಹಾಗೆಯೇ ಎನ್ನಬೇಕೇ? “ಕಳ್ಳರು ಸರ ಕಿತ್ತುಕೊಂಡು ಓಡಿದರು” ಎಂದರೆ ಪೊಲೀಸರು ಎಷ್ಟು ಜನರನ್ನು ಹುಡುಕಬೇಕು?

ಡೆಸ್ಕಿನ ರಾತ್ರಿಪಾಳಿ

ಒಬ್ಬನೇ ಆಗಿದ್ದರೆ ‘ಒಬ್ಬ’ ಎಂದು ಬರೆಯುತ್ತೇವೆ. ಗಂಡೋ ಹೆಣ್ಣೋ ಗೊತ್ತಿರುವ ಕಡೆ ಯಾರೂ ಬೇಡ ಎಂದಿಲ್ಲ. ತಕರಾರು ಇರುವುದು ಗೊತ್ತಿಲ್ಲದ ಕಡೆ ಗಂಡೆಂದು ಹಿಡಿಯುವುದರ ಬಗ್ಗೆ.

ಮೂರನೇ ಅಂಪೈರ್

ಕ್ರಿಕೆಟ್‌ನಲ್ಲಿ ನಿಯಮ ಬರೆಯುವ ಲಂಡನ್ನಿನ ಕ್ಲಬ್ಬು ಎಂಸಿಸಿ 2021ರ ಸೆಪ್ಟೆಂಬರಿನಲ್ಲಿ ನಿಯಮಪುಸ್ತಕದ ‘ಬ್ಯಾಟ್ಸ್‌ಮನ್’ ತೆಗೆದು ‘ಬ್ಯಾಟರ್’ ಹಾಕಿತು. ಆಗಲೂ ಭಾಷೆ ಕೆಟ್ಟಿತು ಎಂದು ಗಲಾಟೆಯಾಗಿತ್ತು. ಈಗ ವೀಕ್ಷಕ ವಿವರಣೆ ಕೇಳಿ, ಯಾರಿಗೂ ನೆನಪೇ ಇಲ್ಲ.

ಹಳೆಯ ಬೆಂಚು

ನಮಗೆ ‘ದಾಂಡಿಗ’ ಇತ್ತು, ಅದನ್ನೂ ಬಿಟ್ಟೆವು.

ಮೂರನೇ ಅಂಪೈರ್

ದಾಂಡಿಗನೂ ಗಂಡಸೇ ಅಣ್ಣಾ. ‘ದಾಂಡಿಗಿತ್ತಿ’ ಎಂದು ಯಾರಾದರೂ ಬರೆದರೆ ನಾನು ಟಿವಿ ಆರಿಸುತ್ತೇನೆ.

ಹಳಗನ್ನಡದ ಕಡೆಯವಳು

ಏಕೆ? ಗೌಡತಿ, ಒಕ್ಕಲಗಿತ್ತಿ, ಹಾಡುಗಾರ್ತಿ ಎಲ್ಲ ಕಿವಿಗೆ ಹಿತವಾಗಿಯೇ ಇವೆ. ಹೆಣ್ಣಿನ ಹೆಸರನ್ನು ಅಳಿಸುವುದೇ ಸಮಾನತೆ ಎಂಬ ಇಂಗ್ಲಿಷಿನ ದಾರಿ ನಮಗೆ ಒಗ್ಗಬೇಕೆಂದಿಲ್ಲ. ‘ಲೇಖಕಿ’ ಎಂದು ಕರೆಸಿಕೊಳ್ಳುವುದು ನನಗೆ ಇಷ್ಟ. ‘ಕವಯಿತ್ರಿ’ ಮಾತ್ರ ಬೇಡ, ಅದನ್ನು ಕೇಳಿದ ಕೂಡಲೇ ಶಾಲು, ಹಾರ, ಮೈಕು ಕಣ್ಣಮುಂದೆ ಬರುತ್ತವೆ. ಕವಿ ಎಂದರೆ ಸಾಕು.

ದೂರದ ಬರಹಕೇಂದ್ರ

ಅಮೆರಿಕದ ಕಾಲೇಜೊಂದರ ಬರವಣಿಗೆ ನೆರವು ಕೇಂದ್ರದಲ್ಲಿ ಕೆಲಸ ಮಾಡುತ್ತೇನೆ, ಊರು ಶಿರಸಿ. ಇಲ್ಲಿ ಈ ಜಗಳ ಹಳೆಯದು. ಇಂಗ್ಲಿಷ್ ಅಧ್ಯಾಪಕರ ರಾಷ್ಟ್ರೀಯ ಮಂಡಳಿ 1975ರಲ್ಲಿಯೇ ಲಿಂಗತಾರತಮ್ಯವಿಲ್ಲದ ಭಾಷೆಗೆ ಮಾರ್ಗಸೂಚಿ ತಂದಿತ್ತು. ಒಬ್ಬರಿಗೂ ‘ದೇ’ (they, ಅವರು) ಎಂದು ಬಳಸುವುದನ್ನು ಎಪಿಎ (ಅಮೆರಿಕದ ಮನೋವಿಜ್ಞಾನ ಸಂಘ) ಶೈಲಿ ಕೈಪಿಡಿಯ ಏಳನೆಯ ಆವೃತ್ತಿ 2019ರಲ್ಲಿ ಒಪ್ಪಿತು. ನಾವು ‘ಅವರು’ ಎಂದು ಮೊದಲಿನಿಂದಲೂ ಮಾಡುತ್ತಿರುವುದಕ್ಕೆ ಇವರು ಇಷ್ಟು ವರ್ಷ ತೆಗೆದುಕೊಂಡರು ಎಂದು ನನಗೆ ಒಳಗೊಳಗೇ ನಗು.

ಅಂಕದ ವಿಷಯ. 2017ರಲ್ಲಿ ಅರಿಜೋನಾದ ವಿಶ್ವವಿದ್ಯಾಲಯವೊಂದರಲ್ಲಿ ‘ಮ್ಯಾನ್‌ಕೈಂಡ್’ ಎಂದು ಬರೆದ ವಿದ್ಯಾರ್ಥಿನಿಗೆ 50ರಲ್ಲಿ 1 ಅಂಕ ಹೋದದ್ದು ದೊಡ್ಡ ಸುದ್ದಿಯಾಯಿತು. ಆ ಒಂದು ಅಂಕದ ಸುತ್ತ ಎಷ್ಟು ಮಂದಿ ಅಂಕಣ ಬರೆದರೋ! ಪ್ರಬಂಧ ಹೇಗಿತ್ತು ಎಂದು ಮಾತ್ರ ಯಾರೂ ಕೇಳಲಿಲ್ಲ. ಪ್ರತ್ಯೇಕ ಅಂಕ ಇಟ್ಟರೆ ಆಗುವುದೇ ಇದು, ಜಗಳ ಅಂಕದ್ದಾಗುತ್ತದೆ, ವಾಕ್ಯದ್ದಾಗುವುದಿಲ್ಲ. ನಾನಾದರೆ ಪದದ ಕೆಳಗೆ ಗೆರೆ ಎಳೆದು “ಇಲ್ಲಿ ಯಾರು ಯಾರು ಇದ್ದಾರೆ?” ಎಂದು ಬರೆಯುತ್ತೇನೆ. ಎರಡನೆಯ ಕರಡಿನಲ್ಲಿ ಬಹುಪಾಲು ಮಂದಿ ತಾವೇ ಸರಿಮಾಡುತ್ತಾರೆ.

ಕೆಂಪು ಶಾಯಿ

ಎರಡನೆಯ ಕರಡು! ನನಗೆ ಒಂದು ತರಗತಿಯಲ್ಲಿ 84 ಮಕ್ಕಳು ಮೇಡಂ. ಅಂಥ ಮೂರು ತರಗತಿ.

ದೂರದ ಬರಹಕೇಂದ್ರ

ಕ್ಷಮಿಸಿ. ನನಗೆ ವಾರಕ್ಕೆ 20 ಜನ.

ಕರಿಕೋಟು

ಮೇಷ್ಟ್ರ ‘ಗಂಡು ಎಂದರೆ ಎಲ್ಲರೂ ಸೇರಿದರು’ ಎಂಬ ವಾದಕ್ಕೆ ಕಾನೂನಿನ ಬೆಂಬಲ ಇದೆ, ಬೇಸರಿಸಬೇಡಿ. 1897ರ ಸಾಮಾನ್ಯ ಖಂಡಗಳ ಅಧಿನಿಯಮದ 13ನೆಯ ಪ್ರಕರಣ ಅದನ್ನೇ ಹೇಳುತ್ತದೆ, ಪುಲ್ಲಿಂಗ ಪದಗಳಲ್ಲಿ ಸ್ತ್ರೀಯರೂ ಸೇರುತ್ತಾರೆ ಎಂದು. ಆದರೆ ಹಾಗೆಂದು ಒಂದು ಕಾನೂನು ಮಾಡಿ ಹೇಳಬೇಕಾಗಿ ಬಂತಲ್ಲ, ಅಂದರೆ ತಾನಾಗಿ ಸೇರುತ್ತಿರಲಿಲ್ಲ ಎಂದಾಯಿತು.

2023ರ ಆಗಸ್ಟ್‌ನಲ್ಲಿ ಸುಪ್ರೀಂ ಕೋರ್ಟ್ ನ್ಯಾಯಾಧೀಶರಿಗೆ, ವಕೀಲರಿಗೆ ಒಂದು ಕೈಪಿಡಿ ಹೊರತಂದಿತು. ಲಿಂಗದ ಬಗೆಗಿನ ಸಿದ್ಧ ಕಲ್ಪನೆಗಳನ್ನು ತೀರ್ಪಿನ ಭಾಷೆಯಿಂದ ದೂರವಿಡುವುದಕ್ಕೆ. ‘ಈವ್ ಟೀಸಿಂಗ್’ ಎನ್ನಬೇಡಿ, ಬೀದಿಯ ಲೈಂಗಿಕ ಕಿರುಕುಳ ಎನ್ನಿ ಎಂದು ಅದರಲ್ಲಿದೆ. ಕನ್ನಡದ ‘ಚುಡಾಯಿಸುವುದು’ ನೆನಪಾಯಿತು. ಎಷ್ಟು ಹಗುರವಾದ ಪದ, ಎಷ್ಟು ಭಾರವಾದ ಕೆಲಸ. ಸೂಕ್ಷ್ಮತೆಗೆ ಅಂಕ ಇಡುವುದಾದರೆ ಇಂಥ ಪದಕ್ಕೆ ಇಡಿ, ಸರ್ವನಾಮಕ್ಕಲ್ಲ. ಅದು ಬರವಣಿಗೆಯ ಗುಣವೂ ಹೌದು, ಏಕೆಂದರೆ ಆ ಪದ ನಡೆದದ್ದನ್ನು ನಡೆದಂತೆ ಹೇಳುವುದಿಲ್ಲ.

ಹಳೆಯ ಬೆಂಚು

ಪ್ರವೇಶ ಅರ್ಜಿಯಲ್ಲಿ ತಾಯಿಯ ಉದ್ಯೋಗ: ‘ಗೃಹಿಣಿ’. ತಂದೆ ಮನೆಯಲ್ಲಿದ್ದರೆ: ‘ನಿರುದ್ಯೋಗಿ’. ಇದಕ್ಕೂ ಒಂದು ಕೈಪಿಡಿ ಬರಲಿ.

ಮರಿಯಮ್ಮನಹಳ್ಳಿ ರಸ್ತೆ

ಇಷ್ಟು ಹೊತ್ತೂ ಎಲ್ಲರೂ ಎರಡೇ ಹಿಡಿದು ಮಾತಾಡುತ್ತಿದ್ದೀರಿ. ‘ಅವನು/ಅವಳು’ ಎಂದು ಗೆರೆ ಹಾಕಿದರೆ ಆ ಗೆರೆಯ ಮೇಲೆ ನಿಂತವರು ಎಲ್ಲಿಗೆ ಹೋಗಬೇಕು? ಕರ್ನಾಟಕ 2021ರಲ್ಲಿ ಸರ್ಕಾರಿ ನೇಮಕಾತಿಯಲ್ಲಿ ತೃತೀಯ ಲಿಂಗಿಗಳಿಗೆ ಶೇಕಡಾ 1 ಮೀಸಲಾತಿ ತಂದ ಮೊದಲ ರಾಜ್ಯ. ಅದೇ ವರ್ಷ ತೃತೀಯ ಲಿಂಗಿ ಜಾನಪದ ಕಲಾವಿದೆ ಮಂಜಮ್ಮ ಜೋಗತಿ ಅವರಿಗೆ ಪದ್ಮಶ್ರೀ ಬಂತು; ಆಗ ಅವರು ಜಾನಪದ ಅಕಾಡೆಮಿಯ ಅಧ್ಯಕ್ಷರು. ಹೊಸಪೇಟೆ, ಸವದತ್ತಿ ಕಡೆ ಎಲ್ಲಮ್ಮನ ಸೇವೆಗೆ ನಿಂತ ತೃತೀಯ ಲಿಂಗಿ ಜೋಗಪ್ಪಂದಿರನ್ನು ಊರವರು ಮಾತಾಡಿಸುವುದನ್ನು ಕೇಳಿದ್ದೇನೆ. ‘ಅಪ್ಪ’ ಎಂಬ ಪದ ಹೆಸರಿನಲ್ಲೇ ಇದೆ, ಉಟ್ಟಿರುವುದು ಸೀರೆ, ಕರೆಯುವುದು ‘ತಾಯಿ’ ಎಂದು. ಯಾರೂ ವ್ಯಾಕರಣ ಕೆಟ್ಟಿತು ಎಂದು ಕೂಗಿಲ್ಲ.

ಶಾಯಿ ಸರ್, ಆ ಎರಡನೆಯ ಪ್ರಬಂಧಕ್ಕೆ ಸೂಕ್ಷ್ಮತೆಯಲ್ಲಿ ಪೂರ್ತಿ 2 ಕೊಟ್ಟಿರಲ್ಲ, ನಿಮ್ಮ ಪಟ್ಟಿಯ ಪ್ರಕಾರವೇ ಅದು ತಪ್ಪು.

ನಿವೃತ್ತ ಮೇಷ್ಟ್ರು, ಹಾಸನ

ಈ ಮಾತಿಗೆ ನನ್ನ ಬಳಿ ಉತ್ತರವಿಲ್ಲ ತಾಯಿ. (ತಾಯಿ ಎನ್ನಬಹುದಲ್ಲವೇ?) ಸಬ್ಬಂಧಪಟ್ಟವರನ್ನು ಕೇಳಿ ‘ಅವರು’ ಎನ್ನುವುದರಲ್ಲಿ ನನಗೇನೂ ನಷ್ಟವಿಲ್ಲ. ಅಂಕ ಕಳೆಯುವುದನ್ನು ಮಾತ್ರ ಈಗಲೂ ಒಪ್ಪುವುದಿಲ್ಲ.

ಮರಿಯಮ್ಮನಹಳ್ಳಿ ರಸ್ತೆ

ಎನ್ನಬಹುದು ಮೇಷ್ಟ್ರೇ. ‘ಸಬ್ಬಂಧ’ ಅಲ್ಲ, ‘ಸಂಬಂಧ’. ಕಾಗುಣಿತಕ್ಕೆ 1 ಹೋಯಿತು.

ನಿವೃತ್ತ ಮೇಷ್ಟ್ರು, ಹಾಸನ

ಮೊಬೈಲಿನ ಕೀಲಿಮಣೆಯ ತಪ್ಪು!

ಕಪ್ಪುಮಣ್ಣು

ಕೃಷಿ ಇಲಾಖೆಯಲ್ಲಿ ಕೆಲಸ ಮಾಡಿದ್ದರಿಂದ ಲೆಕ್ಕದ ಕಡೆಯಿಂದ ಬರುತ್ತೇನೆ. 2011ರ ಜನಗಣತಿಯಲ್ಲಿ ದೇಶದ ದುಡಿಯುವ ಹೆಂಗಸರಲ್ಲಿ ನೂರಕ್ಕೆ ಸುಮಾರು 65 ಮಂದಿ ಸಾಗುವಳಿದಾರರು ಅಥವಾ ಕೃಷಿ ಕೂಲಿಗಳು. 2015-16ರ ಕೃಷಿ ಗಣತಿಯಲ್ಲಿ ಹೆಂಗಸರ ಹೆಸರಿನ ಹಿಡುವಳಿ ನೂರಕ್ಕೆ ಸುಮಾರು 14. ‘ರೈತ’ ಎಂಬ ಪದದಲ್ಲಿ ಹೆಣ್ಣೂ ಸೇರುತ್ತಾಳೆ ಎನ್ನುವವರು ಈ ಎರಡು ಅಂಕಿಗಳನ್ನು ಪಕ್ಕಪಕ್ಕ ಇಟ್ಟು ನೋಡಿ. ನಾಟಿ, ಕಳೆ, ಕಟಾವಿಗೆ ಸೇರುತ್ತಾಳೆ. ಪಹಣಿ, ಸಾಲ, ಬೆಳೆ ವಿಮೆಗೆ ಬಂದಾಗ ‘ರೈತ ಎಲ್ಲಿ, ಕರೆಯಮ್ಮ’ ಎನ್ನುತ್ತಾರೆ. ಕೌಂಟರಿನ ಈಚೆ ಕುಳಿತು ನಾನೂ ಎಂದಿದ್ದೇನೆ.

ಕೆಂಪು ಶಾಯಿ

ಇದನ್ನೆಲ್ಲ ಓದಿ ಇಂದು ಬೆಳಿಗ್ಗೆ ಆ ಮೊದಲನೆಯ ಪ್ರಬಂಧದ ಹುಡುಗಿಯನ್ನು ಸ್ಟಾಫ್ ರೂಮಿಗೆ ಕರೆದೆ. ಹೆದರಿಕೊಂಡೇ ಬಂದಳು, ನಕಲು ಹೊಡೆದಿದ್ದಾಳೆ ಎಂದುಕೊಂಡಿದ್ದೇನೆ ಎಂದು ಅವಳ ಭಯ. ಮಾತು ಹೀಗಿತ್ತು:

“ಊರಲ್ಲಿ ಎಷ್ಟು ಹೊಲ ಇದೆಯಮ್ಮ?”
“ಎರಡೂವರೆ ಎಕರೆ ಸರ್. ತೊಗರಿ, ಜೋಳ.”
“ಯಾರು ನೋಡಿಕೊಳ್ಳುತ್ತಾರೆ?”
“ಅಮ್ಮ.”
“ಅಪ್ಪ?”
“ಬೆಂಗಳೂರಲ್ಲಿ ಸೆಕ್ಯೂರಿಟಿ ಕೆಲಸ. ಯುಗಾದಿಗೆ ಬರುತ್ತಾರೆ.”
“ಹಾಗಾದರೆ ನಿಮ್ಮ ಮನೆಯಲ್ಲಿ ರೈತ ಯಾರು?”
“ಅಪ್ಪ ಸರ್.”

ಹೇಳಿದ ಮೇಲೆ ಅವಳೇ ಸುಮ್ಮನಾದಳು. ನಾನೂ ಏನೂ ಹೇಳಲಿಲ್ಲ. ಹಾಳೆ ವಾಪಸು ಕೊಟ್ಟು, ಮನಸ್ಸಿದ್ದರೆ ಆ ಒಂದು ಪ್ಯಾರಾ ಮತ್ತೆ ಬರೆದು ತಾ, ಇಲ್ಲದಿದ್ದರೆ ಇರುವುದನ್ನೇ ತಿದ್ದುತ್ತೇನೆ ಎಂದೆ. ಮಧ್ಯಾಹ್ನದ ಊಟದ ಬಿಡುವಿನಲ್ಲಿ ತಂದು ಕೊಟ್ಟಳು: “ಮಳೆ ಬಾರದ ಜೂನ್‌ನಲ್ಲಿ ಅಮ್ಮ ಆಕಾಶ ನೋಡುವುದಿಲ್ಲ, ಪಕ್ಕದ ಹೊಲದ ನೀಲಮ್ಮನ ಮುಖ ನೋಡುತ್ತಾಳೆ. ಇಬ್ಬರೂ ಬೀಜದ ಚೀಲದ ಬಾಯಿ ಬಿಚ್ಚದೆ ಮನೆಗೆ ಬರುತ್ತಾರೆ.”

ದೂರದ ಬರಹಕೇಂದ್ರ

ಬೀಜದ ಚೀಲ ಮೊದಲ ಕರಡಿನಲ್ಲಿ ಇತ್ತೇ?

ಕೆಂಪು ಶಾಯಿ

ಇರಲಿಲ್ಲ.

ಡೆಸ್ಕಿನ ರಾತ್ರಿಪಾಳಿ

ಸರ್, ಆ ‘ನೋಡುತ್ತಾಳೆ’ಯನ್ನು ‘ನೋಡುತ್ತಾರೆ’ ಮಾಡಲು ಹೇಳಬೇಡಿ ಮತ್ತೆ. ಅಮ್ಮನಿಗೆ ಏಕವಚನವೇ ಸರಿ. ನನ್ನ ಮಾತನ್ನು ನಾನೇ ಮುರಿಯುತ್ತಿದ್ದೇನೆ, ಗೊತ್ತು.

ಕೆಂಪು ಶಾಯಿ

ಹೇಳುವುದಿಲ್ಲ. ಆದರೆ ತಮಾಷೆ ಕೇಳಿ. ಸಹೋದ್ಯೋಗಿಯೊಬ್ಬರಿಗೆ ಇದನ್ನು ತೋರಿಸಿದೆ. ಪಟ್ಟಿ ಮಾಡುವಾಗ ಎಲ್ಲರಿಗಿಂತ ಗಟ್ಟಿಯಾಗಿ ವಾದಿಸಿದವರು. ಓದಿ, ಕನ್ನಡಕ ತೆಗೆದು, “ಚೆನ್ನಾಗಿದೆ, ಆದರೆ ಈಗ ಬರೀ ಹೆಂಗಸರೇ ಇದ್ದಾರಲ್ಲ, ತಟಸ್ಥವಾಗಲಿಲ್ಲ. 2ರಲ್ಲಿ 1 ಕೊಡಬಹುದು” ಎಂದರು.

ಬಿ.ಕಾಂ. ನಾಲ್ಕನೇ ಸೆಮಿಸ್ಟರ್

ನಾನು ಹೇಳಲಿಲ್ಲವೇ?

ಹಳೆಯ ಬೆಂಚು

ಒಟ್ಟು ಎಷ್ಟು ಕೊಟ್ಟಿರಿ?

ಕೆಂಪು ಶಾಯಿ

9. ಆ 2 ಅಂಕವನ್ನು ಶೈಲಿಯೊಳಗೆ ಸೇರಿಸಿ 5 ಮಾಡಿ ಎಂದು ವಿಭಾಗಕ್ಕೆ ಪತ್ರ ಬರೆದಿದ್ದೇನೆ. ಮುಂದಿನ ಸಭೆಯಲ್ಲಿ ಚರ್ಚೆಗೆ ಬರುತ್ತದಂತೆ. ಓರೆಗೆರೆಯ ಹುಡುಗನನ್ನೂ ನಾಳೆ ಕರೆಯುತ್ತೇನೆ, ಪಾಪ, ಅವನು ನಾವು ಹೇಳಿದ್ದನ್ನೇ ಮಾಡಿದ್ದಾನೆ.

ಕಪ್ಪುಮಣ್ಣು

ಒಂದು ತಿದ್ದುಪಡಿ. ಪ್ರಬಂಧದ ಉಳಿದ ಭಾಗದಲ್ಲಿ ಜೂನ್‌ನಲ್ಲಿ ಬಿಳಿಜೋಳ ಬಿತ್ತುತ್ತಾರೆ ಎಂದೇನಾದರೂ ಇದೆಯೇ ನೋಡಿ. ಜೂನ್‌ನ ಮಳೆಗೆ ಕಾಯುವುದು ತೊಗರಿಗೆ. ಬಿಳಿಜೋಳ ಹಿಂಗಾರಿಯದು, ಸೆಪ್ಟೆಂಬರ್ ದಾಟಬೇಕು.

ಕೆಂಪು ಶಾಯಿ

ತೊಗರಿ ಎಂದೇ ಬರೆದಿದ್ದಾಳೆ. ಜೋಳ ಎಂದದ್ದು ಇನ್ನೊಬ್ಬ, ಅದಕ್ಕೆ ನಾನು ವಿಷಯದಲ್ಲಿ ಪೂರ್ತಿ 4 ಕೊಟ್ಟುಬಿಟ್ಟಿದ್ದೇನೆ.